ಚಾಟ್‌ಬಾಟ್‌ಗೆ ವಿಳಾಸ ಹುಡುಕುವ ಸೇವೆ ಜೋಡಿಸುವಾಗ ಆಟೋಕಂಪ್ಲೀಟ್, ಜಿಯೋಕೋಡಿಂಗ್, ವ್ಯಾಲಿಡೇಶನ್: ಯಾವುದು ಎಲ್ಲಿ?

ಪ್ರಶ್ನೆ | ಕೀಲಿಮಣೆ

ಡೆಲಿವರಿ ವಿಳಾಸ ಕೇಳಿ ಬರೆದುಕೊಳ್ಳುವ ಬಾಟ್ ಒಂದಕ್ಕೆ ವಿಳಾಸ ಹುಡುಕುವ ಸೇವೆ ಜೋಡಿಸಬೇಕಿದೆ. ಬಾಟ್ ವಾಟ್ಸಾಪ್, ಟೆಲಿಗ್ರಾಂ ಮತ್ತು ವೆಬ್‌ಸೈಟಿನ ಚಾಟ್ ವಿಜೆಟ್, ಈ ಮೂರರಲ್ಲೂ ಓಡುತ್ತದೆ. ಮಾತುಕತೆ ನಡೆಸುವುದು ಟೂಲ್ (ನಮ್ಮ ಕೋಡಿನ ಒಂದು ಕೆಲಸ) ಕರೆಯಬಲ್ಲ ಭಾಷಾ ಮಾಡೆಲ್. ಸದ್ಯಕ್ಕೆ ಅದಕ್ಕೆ "ವಿಳಾಸ ಹುಡುಕು" ಎಂಬ ಒಂದೇ ಟೂಲ್ ಕೊಟ್ಟಿದೆ, ಒಳಗೆ ಗೂಗಲ್ ಪ್ಲೇಸಸ್ ಆಟೋಕಂಪ್ಲೀಟ್ (ಬರೆಯುತ್ತಿದ್ದಂತೆ ಸ್ಥಳಗಳನ್ನು ಸೂಚಿಸುವ ಸೇವೆ) ಇದೆ. ಬಂದ ಮೊದಲ ಫಲಿತಾಂಶವನ್ನು ಮಾಡೆಲ್ ಓದಿ ಹೇಳುತ್ತದೆ, ಬಳಕೆದಾರರು "ಸರಿ" ಎಂದರೆ ಅದನ್ನೇ ಆರ್ಡರಿಗೆ ಬರೆಯುತ್ತದೆ.

ಇದರಲ್ಲಿ ಐದು ತೊಂದರೆ ಕಾಣುತ್ತಿವೆ. ಒಂದೇ ಹೆಸರಿನ ರಸ್ತೆ ಹಲವು ಊರುಗಳಲ್ಲಿದ್ದರೆ ಬೇರೆ ಊರಿನದು ಆಯ್ಕೆಯಾಗುತ್ತದೆ. ಫ್ಲ್ಯಾಟ್ ನಂಬರ್, ಮಹಡಿ ಕೊನೆಯ ದಾಖಲೆಯಲ್ಲಿ ಇರುವುದೇ ಇಲ್ಲ. ಸೇವೆ ಕೊಟ್ಟ ವಿಳಾಸಕ್ಕೂ ಮಾಡೆಲ್ ಓದಿ ಹೇಳಿದ ವಿಳಾಸಕ್ಕೂ ಆಗಾಗ ಒಂದೆರಡು ಪದ ವ್ಯತ್ಯಾಸ ಬರುತ್ತದೆ, ಪೋಸ್ಟಲ್ ಕೋಡ್ ಕೂಡ ಬದಲಾಗುವುದುಂಟು. ಜನ ವಿಳಾಸವನ್ನು ಮೂರ್ನಾಲ್ಕು ಮೆಸೇಜಿನಲ್ಲಿ ತುಂಡು ತುಂಡಾಗಿ ಕಳಿಸಿದರೆ ಪ್ರತಿ ತುಂಡಿಗೂ ಹುಡುಕಾಟ ನಡೆದು ಎಲ್ಲ ಕಲಸಿಹೋಗುತ್ತದೆ. ಜೊತೆಗೆ ಬಿಲ್ಲಿನಲ್ಲಿ ಆಟೋಕಂಪ್ಲೀಟ್ ಕರೆಗಳೆಲ್ಲ ಸೆಷನ್ ಆಗಿ (ಒಂದು ಹುಡುಕಾಟಕ್ಕೆ ಒಂದು ಗುಂಪಾಗಿ) ಸೇರದೆ ಒಂದೊಂದಾಗಿ ಎಣಿಕೆಯಾಗಿವೆ.

ಯಾವ ಹಂತದಲ್ಲಿ ಯಾವ ಸೇವೆ ಕರೆಯಬೇಕು, ಮಾಡೆಲ್‌ಗೆ ಎಷ್ಟು ಬಿಡಬೇಕು, ಎಷ್ಟನ್ನು ನಮ್ಮ ಕೋಡ್ ಹಿಡಿದುಕೊಳ್ಳಬೇಕು? ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಸೇವೆಗಳ ಬಗ್ಗೆಯೂ ತಿಳಿದವರು ಹೇಳಿದರೆ ಒಳ್ಳೆಯದು.

---

ಉತ್ತರ 1 | ದಾರಿಗುರುತು

ಮೂರನೆಯ ತೊಂದರೆಯಿಂದ ಶುರು ಮಾಡುತ್ತೇನೆ, ಉಳಿದವುಗಳ ಬೇರು ಅಲ್ಲೇ ಇದೆ. ವಿಳಾಸದ ಅಕ್ಷರಗಳನ್ನು ಮಾಡೆಲ್ ಯಾವತ್ತೂ ಬರೆಯಬಾರದು. ಮಾಡೆಲ್ ನಕಲು ಮಾಡುವ ಯಂತ್ರವಲ್ಲ, ಪ್ರತಿ ಪದವನ್ನೂ ಹೊಸದಾಗಿ ಊಹಿಸಿ ಬರೆಯುತ್ತದೆ. ಪೋಸ್ಟಲ್ ಕೋಡ್‌ನಂಥ ಅಂಕಿಗಳಲ್ಲಿ ಅರ್ಥದ ಆಸರೆಯೂ ಇಲ್ಲ, ಹಾಗಾಗಿ ಅದು ತಪ್ಪುವುದೇ ಅಲ್ಲಿ. "ಇದ್ದಂತೆಯೇ ಹೇಳು" ಎಂದು ಪ್ರಾಂಪ್ಟಿನಲ್ಲಿ ಎಷ್ಟು ಒತ್ತಿ ಬರೆದರೂ ತಪ್ಪಿನ ಪ್ರಮಾಣ ಇಳಿಯಬಹುದೇ ಹೊರತು ಸೊನ್ನೆಯಾಗುವುದಿಲ್ಲ. ವಿಳಾಸ ತೋರಿಸುವ ಮೆಸೇಜನ್ನು ನಿಮ್ಮ ಸರ್ವರ್ ಟೆಂಪ್ಲೇಟಿನಿಂದ ಕಟ್ಟಿ ನೇರವಾಗಿ ಕಳಿಸಲಿ. ಮಾಡೆಲ್ ಹೆಚ್ಚೆಂದರೆ "ಈಗ ಪಟ್ಟಿ ತೋರಿಸು" ಎಂದು ಸೂಚಿಸಲಿ, ಸಾಕು.

ಇದೇ ತಪ್ಪು ಒಳಮುಖವಾಗಿಯೂ ಆಗುತ್ತದೆ, ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಬಳಕೆದಾರರು "ಹಳೆ ಸೇತುವೆ ರಸ್ತೆ" ಎಂದು ಬರೆದರೆ ಮಾಡೆಲ್ ಟೂಲಿಗೆ "ಓಲ್ಡ್ ಬ್ರಿಡ್ಜ್ ರೋಡ್" ಎಂದು ಅನುವಾದಿಸಿ ಕೊಟ್ಟುಬಿಡಬಹುದು. ಹೆಸರು ಹೆಸರಾಗಿ ಉಳಿಯದಿದ್ದರೆ ಸೇವೆ ಏನನ್ನು ಹುಡುಕಬೇಕು? ಇದನ್ನು ತಪ್ಪಿಸಲು ಹುಡುಕುವ ಟೂಲಿಗೆ ಪಠ್ಯವನ್ನು ಪ್ಯಾರಾಮೀಟರ್ ಆಗಿ ಇಡಲೇಬೇಡಿ. ಪ್ಯಾರಾಮೀಟರ್ ಆಗಿ ಮೆಸೇಜ್ ಐಡಿಗಳ ಪಟ್ಟಿ ಇರಲಿ. "12ನೆಯ ಮತ್ತು 13ನೆಯ ಮೆಸೇಜಿನಲ್ಲಿ ವಿಳಾಸವಿದೆ" ಎಂದು ಮಾಡೆಲ್ ಹೇಳಲಿ, ಮೂಲ ಪಠ್ಯವನ್ನು ಸರ್ವರ್ ತನ್ನ ದಾಖಲೆಯಿಂದಲೇ ತೆಗೆದುಕೊಳ್ಳಲಿ. ಮೆಸೇಜಿನಲ್ಲಿ ವಿಳಾಸದ ಜೊತೆ ಬೇರೆ ಮಾತೂ ಇದ್ದರೆ ಬೇಕಾದ ಭಾಗವನ್ನು ಮಾಡೆಲ್ ಉದ್ಧರಿಸಲಿ, ಆದರೆ ಆ ತುಂಡು ಮೂಲದಲ್ಲಿ ಅಕ್ಷರಶಃ ಇದೆಯೇ ಎಂದು ಕೋಡ್ ಪರೀಕ್ಷಿಸಲಿ. ಇಲ್ಲದಿದ್ದರೆ ಇಡೀ ಮೆಸೇಜನ್ನೇ ಬಳಸಿ.

ಇನ್ನು ಸೇವೆಗಳ ವಿಷಯ. ಆಟೋಕಂಪ್ಲೀಟ್ ಹುಟ್ಟಿದ್ದು ಅಕ್ಷರ ಒತ್ತಿದಂತೆಲ್ಲ ಸಲಹೆ ಕೊಡಲಿಕ್ಕೆ. ವಾಟ್ಸಾಪ್, ಟೆಲಿಗ್ರಾಂನಲ್ಲಿ ಪಠ್ಯ ಇಡಿಯಾಗಿ ಬರುವುದರಿಂದ ಅದರ ಅರ್ಧ ಉಪಯೋಗ ಅಲ್ಲೇ ಹೋಯಿತು. ಅದೂ ಅಲ್ಲದೆ "ಫ್ಲ್ಯಾಟ್ 4, ಎರಡನೇ ಮಹಡಿ, ಔಷಧಿ ಅಂಗಡಿ ಪಕ್ಕ" ಎಂಬ ಉದ್ದ ಪಠ್ಯವನ್ನು ಆಟೋಕಂಪ್ಲೀಟಿಗೆ ಕೊಟ್ಟರೆ ಖಾಲಿ ಪಟ್ಟಿ ಬರುವುದೇ ಹೆಚ್ಚು. ನಾನು ಸೂಚಿಸುವ ಹಂಚಿಕೆ ಹೀಗಿದೆ:

ವೆಬ್ ವಿಜೆಟ್‌ನಲ್ಲಿ ಆಟೋಕಂಪ್ಲೀಟ್ ಇರಲಿ, ಆದರೆ ಚಾಟಿನ ಪಠ್ಯಪೆಟ್ಟಿಗೆಯಲ್ಲಿ ಬೇಡ. ವಿಳಾಸದ ಸರದಿ ಬಂದಾಗ ಬೇರೆಯೇ ಒಂದು ಇನ್‌ಪುಟ್ ಕಾರ್ಡ್ ತೆರೆದು ಅದರಲ್ಲಿ ಕೊಡಿ. ಮೂರು ಅಕ್ಷರ ಆದಮೇಲೆ, 250ರಿಂದ 300 ಮಿಲಿಸೆಕೆಂಡ್ ಬೆರಳು ನಿಂತಮೇಲೆ ಕರೆ ಹೋಗಲಿ. ಹಳೆಯ ಕರೆಯ ಉತ್ತರ ಹೊಸದರ ನಂತರ ಬಂದರೆ ಅದನ್ನು ಬಿಸಾಡಿ.

ಮೆಸೇಜ್ ಚಾನೆಲ್‌ಗಳಲ್ಲಿ ಪೂರ್ತಿ ಪಠ್ಯಕ್ಕೆ ಜಿಯೋಕೋಡಿಂಗ್ (ವಿಳಾಸದಿಂದ ನಿರ್ದೇಶಾಂಕ ಹುಡುಕುವುದು) ಅಥವಾ ಅಡ್ರೆಸ್ ವ್ಯಾಲಿಡೇಶನ್ (ವಿಳಾಸ ಸರಿಯಿದೆಯೇ ಎಂದು ಪರೀಕ್ಷಿಸುವುದು) ಕರೆಯಿರಿ. ವ್ಯಾಲಿಡೇಶನ್ ಎಪಿಐ ಎಲ್ಲ ದೇಶಗಳಿಗೂ ಸಿಗುವುದಿಲ್ಲ. ಅದರ ವ್ಯಾಪ್ತಿಯ ಪಟ್ಟಿಯನ್ನು ಮೊದಲೇ ನೋಡಿ, ಇಲ್ಲದ ಕಡೆ ಜಿಯೋಕೋಡಿಂಗಿಗೆ ತಿರುಗಿಸಿ. ಅಂಗಡಿ, ಕಟ್ಟಡ, ಸಂಸ್ಥೆಯ ಹೆಸರಷ್ಟೇ ಕೊಟ್ಟವರಿಗೆ ಪ್ಲೇಸಸ್‌ನ ಟೆಕ್ಸ್ಟ್ ಸರ್ಚ್ ಸರಿ. ಜಿಯೋಕೋಡಿಂಗ್ ಅಂಥ ಹೆಸರುಗಳಲ್ಲಿ ದುರ್ಬಲ.

ಬೇರೆ ಊರಿನ ರಸ್ತೆ ಬರುವುದಕ್ಕೆ ಕಾರಣ ಎರಡು. ನಿಮ್ಮ ಕರೆಯಲ್ಲಿ ಸ್ಥಳದ ಸುಳಿವು ಇಲ್ಲ, ಮತ್ತು ನೀವು ಮೊದಲ ಫಲಿತಾಂಶವನ್ನು ಕಣ್ಣುಮುಚ್ಚಿ ನಂಬುತ್ತಿದ್ದೀರಿ. ಪ್ಲೇಸಸ್‌ನಲ್ಲಿ ಲೊಕೇಶನ್ ಬಯಾಸ್, ಲೊಕೇಶನ್ ರಿಸ್ಟ್ರಿಕ್ಷನ್ ಎಂದು ಎರಡಿವೆ. ಮೊದಲನೆಯದು ಹತ್ತಿರದವನ್ನು ಮೇಲೆ ತರುತ್ತದೆ, ಎರಡನೆಯದು ಹೊರಗಿನದನ್ನು ಕಿತ್ತೇ ಹಾಕುತ್ತದೆ. ಡೆಲಿವರಿ ವ್ಯಾಪ್ತಿ ಖಚಿತವಾಗಿದ್ದರೂ ಬಯಾಸ್ ಬಳಸುವುದೇ ಒಳ್ಳೆಯದು. ರಿಸ್ಟ್ರಿಕ್ಷನ್ ಹಾಕಿದರೆ ವ್ಯಾಪ್ತಿಯ ಹೊರಗಿನವರಿಗೆ "ಅಲ್ಲಿಗೆ ನಾವು ತಲುಪಿಸುವುದಿಲ್ಲ" ಎಂಬ ಉತ್ತರ ಸಿಗುವ ಬದಲು ಅದೇ ಹೆಸರಿನ, ವ್ಯಾಪ್ತಿಯೊಳಗಿನ ಬೇರೆ ರಸ್ತೆ ಸಿಗುತ್ತದೆ. ತಪ್ಪು ಪಾರ್ಸೆಲ್ ಹೋಗುವುದು ಹೀಗೆಯೇ.

ಸೆಷನ್ ಬಿಲ್ ಬಗ್ಗೆ: ಸೆಷನ್ ಟೋಕನ್ ಅಂದರೆ ನೀವೇ ಸೃಷ್ಟಿಸುವ ಒಂದು ಯುಯುಐಡಿ (ಬೇರೆಲ್ಲೂ ಮರುಕಳಿಸದ ಗುರುತು), ನಾಲ್ಕನೇ ಆವೃತ್ತಿಯದು ಇರಲಿ. ಮೊದಲ ಆಟೋಕಂಪ್ಲೀಟ್ ಕರೆಯಿಂದ ಶುರುವಾಗಿ, ಆರಿಸಿದ ಸ್ಥಳದ ವಿವರ ತರುವ, ಅದೇ ಟೋಕನ್ ಹೊತ್ತ ಪ್ಲೇಸ್ ಡೀಟೇಲ್ಸ್ ಕರೆಯಲ್ಲಿ ಸೆಷನ್ ಮುಗಿಯುತ್ತದೆ. ಮುಗಿದ ಟೋಕನನ್ನು ಮತ್ತೆ ಬಳಸಿದರೆ ಟೋಕನ್ ಇಲ್ಲವೇ ಇಲ್ಲ ಎಂಬಂತೆ ಬಿಲ್ ಬೀಳುತ್ತದೆ. ನಿಮ್ಮಲ್ಲಿ ಹೀಗಾಗುತ್ತಿರುವುದು ಬಹುಶಃ ಈ ಮೂರರಲ್ಲಿ ಒಂದರಿಂದ: ಪ್ರತಿ ಟೂಲ್ ಕರೆಗೂ ಹೊಸ ಟೋಕನ್ ಹುಟ್ಟುತ್ತಿದೆ, ಅಥವಾ ಇಡೀ ಚಾಟಿಗೆ ಒಂದೇ ಟೋಕನ್ ಇದೆ, ಅಥವಾ ಡೀಟೇಲ್ಸ್ ಕರೆ ಬೇರೆ ಕ್ಲೌಡ್ ಪ್ರಾಜೆಕ್ಟಿನ ಕೀಲಿಯಿಂದ ಹೋಗುತ್ತಿದೆ. "ಒಂದು ವಿಳಾಸದ ಹುಡುಕಾಟಕ್ಕೆ ಒಂದು ಟೋಕನ್" ಎಂದು ಸಂಭಾಷಣೆಯ ಸ್ಥಿತಿಯಲ್ಲೇ ಇಡಿ, ಆಯ್ಕೆ ಆದಕೂಡಲೇ ಅಳಿಸಿ. ಹೊಸ ಪ್ಲೇಸಸ್ ಎಪಿಐಯ ಡೀಟೇಲ್ಸ್ ಕರೆಗೆ ಫೀಲ್ಡ್ ಮಾಸ್ಕ್ (ಬೇಕಾದ ವಿವರಗಳ ಪಟ್ಟಿ) ಕಡ್ಡಾಯ. ಅಲ್ಲಿ ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ತರಿಸಿದರೆ ದುಬಾರಿ ದರಕ್ಕೆ ಸೇರುತ್ತೀರಿ. ಫಾರ್ಮ್ಯಾಟೆಡ್ ಅಡ್ರೆಸ್, ಅಡ್ರೆಸ್ ಕಾಂಪೊನೆಂಟ್ಸ್, ಲೊಕೇಶನ್ ಇಷ್ಟು ಕೇಳಿದರೆ ಸಾಕು.

---

ಉತ್ತರ 2 | ತಂತಿಜಾಲ

ದಾರಿಗುರುತು ಅವರು ಹೇಳಿದ್ದಕ್ಕೆ ಚಾನೆಲ್ ಕಡೆಯ ಮಿತಿಗಳನ್ನು ಸೇರಿಸುತ್ತೇನೆ. ಪಟ್ಟಿ ತೋರಿಸುವಾಗ ಜನ ಎಡವುವುದು ಇಲ್ಲೇ.

ವಾಟ್ಸಾಪ್‌ನಲ್ಲಿ ರಿಪ್ಲೈ ಬಟನ್ ಮೂರೇ, ಪ್ರತಿಯೊಂದರ ಹೆಸರು 20 ಅಕ್ಷರದೊಳಗೆ. ವಿಳಾಸಕ್ಕೆ ಅದು ಸಾಲದು. ಲಿಸ್ಟ್ ಮೆಸೇಜ್ ಬಳಸಿ: ಒಟ್ಟು 10 ಸಾಲು, ಸಾಲಿನ ಶೀರ್ಷಿಕೆ 24 ಅಕ್ಷರ, ವಿವರಣೆ 72 ಅಕ್ಷರ. ಶೀರ್ಷಿಕೆಗೆ ರಸ್ತೆ ಮತ್ತು ಮನೆ ನಂಬರ್, ವಿವರಣೆಗೆ ಬಡಾವಣೆ, ಊರು, ಪೋಸ್ಟಲ್ ಕೋಡ್. ಇಡೀ ವಿಳಾಸವನ್ನು ಶೀರ್ಷಿಕೆಗೇ ತುರುಕಿ ಕತ್ತರಿಸಿದರೆ ಎಲ್ಲ ಸಾಲುಗಳೂ ಒಂದೇ ಥರ ಕಾಣುತ್ತವೆ, ಏಕೆಂದರೆ ಬೇರೆಯಾಗಿರುವ ಭಾಗ ಕೊನೆಯಲ್ಲಿರುತ್ತದೆ. ಫಲಿತಾಂಶಗಳನ್ನು ಹೋಲಿಸಿ, ಯಾವ ಘಟಕದಲ್ಲಿ ಅವು ಭಿನ್ನವೋ ಅದನ್ನು ವಿವರಣೆಯ ಮೊದಲಿಗೆ ತನ್ನಿ. ಪಟ್ಟಿಯ ಕೊನೆಯ ಸಾಲು ಯಾವಾಗಲೂ "ಇವುಗಳಲ್ಲಿ ಯಾವುದೂ ಅಲ್ಲ" ಎಂದಿರಲಿ. ಅದಿಲ್ಲದಿದ್ದರೆ ಜನ ಹತ್ತಿರದ್ದನ್ನು ಒತ್ತಿ ಮುಂದೆ ಹೋಗುತ್ತಾರೆ.

ಟೆಲಿಗ್ರಾಂನಲ್ಲಿ ಬೇರೆ ತೊಡಕು ಇದೆ. ಇನ್‌ಲೈನ್ ಬಟನ್ನಿನ ಕಾಲ್‌ಬ್ಯಾಕ್ ಡೇಟಾ (ಒತ್ತಿದಾಗ ನಿಮ್ಮ ಸರ್ವರ್‌ಗೆ ಮರಳುವ ಪಠ್ಯ) 64 ಬೈಟ್ ಮೀರಬಾರದು, ಅಕ್ಷರ ಅಲ್ಲ, ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ (ಯುನಿಕೋಡ್‌ನ ಒಂದು ಚಿಹ್ನೆಗೆ) 3 ಬೈಟ್, ಅಂದರೆ 21 ಕೋಡ್‌ಪಾಯಿಂಟಿಗೆ ಜಾಗ ಮುಗಿಯಿತು. ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಕೋಡ್‌ಪಾಯಿಂಟ್ ಆದ್ದರಿಂದ ಕಣ್ಣಿಗೆ ಕಾಣುವ ಅಕ್ಷರ ಇನ್ನೂ ಕಡಿಮೆ. ಗೂಗಲ್‌ನ ಪ್ಲೇಸ್ ಐಡಿಗೂ ಗರಿಷ್ಠ ಉದ್ದ ಅಂತ ಇಲ್ಲ, ಕೆಲವು ಬಹಳ ಉದ್ದ ಇರುತ್ತವೆ. ಬಟನ್ನಿನಲ್ಲಿ ಐಡಿ ಇಡಬೇಡಿ. ಪಟ್ಟಿಯ ಗುರುತು ಮತ್ತು ಸಾಲಿನ ಸಂಖ್ಯೆ ಎರಡೇ ಇಡಿ, ಉಳಿದದ್ದು ರೆಡಿಸ್‌ನಂಥ ತಾತ್ಕಾಲಿಕ ಸಂಗ್ರಹದಲ್ಲೋ ಡೇಟಾಬೇಸಿನಲ್ಲೋ 30 ನಿಮಿಷದ ಅವಧಿಯೊಂದಿಗೆ ಇರಲಿ.

ಪಟ್ಟಿಯ ಗುರುತು ಯಾಕೆ ಬೇಕು ಅಂದರೆ, ಹಳೆಯ ಪಟ್ಟಿ ಚಾಟಿನಲ್ಲಿ ಮೇಲೆ ಹಾಗೇ ಉಳಿದಿರುತ್ತದೆ. ಎರಡನೇ ಹುಡುಕಾಟ ಆದಮೇಲೆ ಬಳಕೆದಾರರು ಮೇಲಕ್ಕೆ ಸರಿಸಿ ಮೊದಲ ಪಟ್ಟಿಯ ಮೂರನೇ ಸಾಲು ಒತ್ತಿದರೆ, ಬರಿಯ "3" ಇದ್ದ ಪಕ್ಷದಲ್ಲಿ ಹೊಸ ಪಟ್ಟಿಯ ಮೂರನೆಯದು ಆಯ್ಕೆಯಾಗುತ್ತದೆ. ಗುರುತು ತಾಳೆಯಾಗದಿದ್ದರೆ "ಈ ಪಟ್ಟಿ ಹಳೆಯದು" ಎಂದು ಹೇಳಿ ಈಗಿನದನ್ನು ಮತ್ತೆ ಕಳಿಸಿ. ಕಾಲ್‌ಬ್ಯಾಕ್ ಬಂದಾಗ ಅದಕ್ಕೆ ಉತ್ತರ ಕೊಡುವ ಮೆಥಡ್ ಕರೆಯುವುದನ್ನು ಮರೆತರೆ ಬಟನ್ ಮೇಲೆ ಕಾಯುವ ಗುರುತು ಸುತ್ತುತ್ತಲೇ ಇರುತ್ತದೆ, ಜನ ಮತ್ತೆ ಮತ್ತೆ ಒತ್ತುತ್ತಾರೆ.

ವೆಬ್‌ಹುಕ್ (ಹೊಸ ಮೆಸೇಜನ್ನು ಚಾನೆಲ್ ನಿಮ್ಮ ಸರ್ವರ್‌ಗೆ ತಿಳಿಸುವ ಕರೆ) ಬಂದ ತಕ್ಷಣ 200, ಅಂದರೆ "ತಲುಪಿತು" ಎಂಬ ಉತ್ತರ ಕೊಟ್ಟು ಕೆಲಸವನ್ನು ಕ್ಯೂಗೆ ಹಾಕಿ. ತಡವಾದರೆ ಅಥವಾ ದೋಷ ಬಂದರೆ ಎರಡೂ ಚಾನೆಲ್‌ಗಳು ಅದೇ ಮೆಸೇಜನ್ನು ಮತ್ತೆ ಕಳಿಸುತ್ತವೆ. ಮೆಸೇಜ್ ಐಡಿ ಅಥವಾ ಅಪ್‌ಡೇಟ್ ಐಡಿ ನೋಡಿ ಎರಡನೆಯದನ್ನು ಬಿಡಬೇಕು, ಇಲ್ಲವಾದರೆ ಒಂದು ಮೆಸೇಜಿಗೆ ಎರಡು ಹುಡುಕಾಟ, ಎರಡು ಬಿಲ್. ನಡುವೆ ಗೂಗಲ್‌ನ ಬಾಟ್ ಕಟ್ಟುವ ಸೇವೆಯಾದ ಡೈಲಾಗ್‌ಫ್ಲೋ ಇಎಸ್ ಇಟ್ಟುಕೊಂಡವರಿಗೆ ಫುಲ್‌ಫಿಲ್‌ಮೆಂಟ್ (ನಿಮ್ಮ ಸರ್ವರ್ ಉತ್ತರಿಸುವ) ಮಿತಿ 5 ಸೆಕೆಂಡ್. ಅಲ್ಲಿ ವಿಳಾಸ ಸೇವೆಗೆ 1.5 ಸೆಕೆಂಡ್ ಟೈಮ್‌ಔಟ್, ಒಂದೇ ಒಂದು ಮರುಪ್ರಯತ್ನ. ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ತುಂಡು ಮೆಸೇಜುಗಳಿಗೆ: ವಿಳಾಸ ಕೇಳಿದ ಮೇಲೆ ಬಂದ ಮೊದಲ ಮೆಸೇಜಿಗೆ ಕೂಡಲೇ ಹಾರಬೇಡಿ. 3 ಸೆಕೆಂಡ್ ಟೈಮರ್ ಇಡಿ, ಇನ್ನೊಂದು ಮೆಸೇಜ್ ಬಂದರೆ ಟೈಮರನ್ನು ಮತ್ತೆ ಶುರುಮಾಡಿ, ಒಟ್ಟು 12 ಸೆಕೆಂಡ್ ದಾಟದಂತೆ ನೋಡಿಕೊಳ್ಳಿ. ಕೂಡಿಸುವಾಗ ನಡುವೆ ಅಲ್ಪವಿರಾಮ ಹಾಕಿ. ಬರಿಯ ಸ್ಪೇಸ್ ಹಾಕಿದರೆ ಮನೆ ನಂಬರ್ ಹಿಂದಿನ ಸಾಲಿನ ರಸ್ತೆಗೆ ಅಂಟಿಕೊಂಡು "5ನೇ ಅಡ್ಡರಸ್ತೆ 12" ಎಂಬಂಥ ಗೊಂದಲ ಹುಟ್ಟುತ್ತದೆ.

---

ಮರುಪ್ರಶ್ನೆ | ಕೀಲಿಮಣೆ

ಇಬ್ಬರಿಗೂ ಧನ್ಯವಾದ. ಸೆಷನ್ ಟೋಕನ್ ವಿಷಯ ನೋಡಿದೆ, ಪ್ರತಿ ಟೂಲ್ ಕರೆಯಲ್ಲೂ ಹೊಸದು ಹುಟ್ಟುತ್ತಿತ್ತು, ಅದೇ ಕಾರಣ.

ಇನ್ನೆರಡು ಕೇಳುವುದಿದೆ. ಒಂದು, ಫಲಿತಾಂಶ ಒಂದೇ ಬಂದರೆ ನೇರವಾಗಿ ಒಪ್ಪಿಕೊಂಡು ಮುಂದೆ ಹೋಗಬಹುದೇ, ಅಥವಾ ಆಗಲೂ ಕೇಳಲೇಬೇಕೇ? ಪ್ರಶ್ನೆ ಹೆಚ್ಚಾದಷ್ಟೂ ಜನ ಅರ್ಧಕ್ಕೆ ಬಿಟ್ಟುಹೋಗುತ್ತಾರೆ. ಎರಡು, ಕೆಲವರು ವಿಳಾಸ ಬರೆಯದೆ ಲೊಕೇಶನ್ ಪಿನ್ ಕಳಿಸುತ್ತಾರೆ. ಅದನ್ನು ರಿವರ್ಸ್ ಜಿಯೋಕೋಡ್ ಮಾಡಿ (ನಿರ್ದೇಶಾಂಕದಿಂದ ವಿಳಾಸ ಹುಡುಕಿ) ಬಂದ ವಿಳಾಸವನ್ನೇ ಬರೆದುಕೊಂಡರೆ ಸಾಕೇ?

---

ಉತ್ತರ 3 | ಅಂಚೆಪೆಟ್ಟಿಗೆ

ಎಷ್ಟು ಫಲಿತಾಂಶ ಬಂತು ಎಂಬುದು ಅಳತೆಗೋಲಲ್ಲ. ಜಿಯೋಕೋಡರ್‌ಗೆ ರಸ್ತೆ ಸಿಗದಿದ್ದರೆ ಬಡಾವಣೆಗೆ, ಅದೂ ಸಿಗದಿದ್ದರೆ ಊರಿಗೆ ಇಳಿದು ಒಂದೇ ಒಂದು ಫಲಿತಾಂಶ ಕೊಡುತ್ತದೆ. ಊರಿನ ನಡುಮಧ್ಯದ ಬಿಂದು ಅದು. ಒಂದೇ ಇದೆಯಲ್ಲ ಎಂದು ಒಪ್ಪಿಕೊಂಡರೆ ಆ ಊರಿನ ಎಲ್ಲ ತಪ್ಪು ವಿಳಾಸಗಳೂ ಒಂದೇ ಚೌಕಕ್ಕೆ ಬಂದು ಬೀಳುತ್ತವೆ.

ನೋಡಬೇಕಾದದ್ದು ಎಷ್ಟು ಆಳಕ್ಕೆ ಹೊಂದಿಕೆಯಾಯಿತು ಎಂಬುದನ್ನು. ಗೂಗಲ್ ಜಿಯೋಕೋಡಿಂಗಿನಲ್ಲಿ ಲೊಕೇಶನ್ ಟೈಪ್ ನಾಲ್ಕು: ರೂಫ್‌ಟಾಪ್, ರೇಂಜ್ ಇಂಟರ್‌ಪೊಲೇಟೆಡ್, ಜಿಯೊಮೆಟ್ರಿಕ್ ಸೆಂಟರ್, ಅಪ್ರಾಕ್ಸಿಮೇಟ್. ಮೊದಲನೆಯದು ಕಟ್ಟಡದ ಮಟ್ಟದ ನಿಖರತೆ, ಎರಡನೆಯದು ರಸ್ತೆಯ ಎರಡು ಬಿಂದುಗಳ ನಡುವೆ ಲೆಕ್ಕಹಾಕಿದ ಅಂದಾಜು. ಇನ್ನೆರಡರಿಂದ ಪಾರ್ಸೆಲ್ ಮನೆ ಬಾಗಿಲಿಗೆ ಹೋಗುವುದಿಲ್ಲ. ಪಾರ್ಶಿಯಲ್ ಮ್ಯಾಚ್ ಎಂಬ ಗುರುತು ಇದ್ದರೆ ಲೊಕೇಶನ್ ಟೈಪ್ ಏನೇ ಇರಲಿ, ಕೇಳಬೇಕು. ಬಳಕೆದಾರರು ಬರೆದದ್ದಕ್ಕೆ ಪೂರ್ತಿ ಹೊಂದುವ ಫಲಿತಾಂಶ ಸೇವೆಗೆ ಸಿಗಲಿಲ್ಲ ಎಂದೇ ಅದರ ಅರ್ಥ.

ಅಡ್ರೆಸ್ ವ್ಯಾಲಿಡೇಶನ್ ಸಿಗುವ ದೇಶವಾದರೆ ನಿರ್ಧಾರ ಸುಲಭ. ಅದರ ವರ್ಡಿಕ್ಟ್‌ನಲ್ಲಿ (ತೀರ್ಪಿನ ಭಾಗದಲ್ಲಿ) ವ್ಯಾಲಿಡೇಶನ್ ಗ್ರ್ಯಾನ್ಯುಲಾರಿಟಿ, ಅಂದರೆ ಪರೀಕ್ಷೆಯ ಆಳ, ಪ್ರೆಮಿಸ್ (ಕಟ್ಟಡ) ಅಥವಾ ಸಬ್‌ಪ್ರೆಮಿಸ್ (ಕಟ್ಟಡದೊಳಗಿನ ಮನೆ) ಆಗಿದ್ದು, ಅಡ್ರೆಸ್ ಕಂಪ್ಲೀಟ್ ಎಂದಿದ್ದು, ದೃಢಪಡದ ಘಟಕ, ಬದಲಾಯಿಸಿದ ಘಟಕ ಎರಡೂ ಇಲ್ಲದಿದ್ದರೆ ಬೇರೆ ಪ್ರಶ್ನೆ ಬೇಡ. ಕೊನೆಯ ಆರ್ಡರ್ ಸಾರಾಂಶದಲ್ಲಿ ವಿಳಾಸ ತೋರಿಸಿ "ಬದಲಿಸಿ" ಬಟನ್ ಕೊಟ್ಟರೆ ಸಾಕು. ಸೇವೆ ತಾನಾಗಿ ಸೇರಿಸಿದ್ದು, ಬದಲಿಸಿದ್ದು ಇದ್ದರೆ ಆ ಭಾಗವನ್ನಷ್ಟೇ ಎತ್ತಿ ಕೇಳಿ. "ಪೋಸ್ಟಲ್ ಕೋಡನ್ನು ಹೀಗೆ ತಿದ್ದಿದ್ದೇವೆ, ಸರಿಯೇ?" ಎಂಬ ಪ್ರಶ್ನೆಗೆ ಉತ್ತರ ಬರುತ್ತದೆ. ನಾಲ್ಕು ಸಾಲಿನ ವಿಳಾಸ ಇಟ್ಟು "ಸರಿಯೇ?" ಎಂದರೆ ಯಾರೂ ಓದದೆ ಹೌದು ಒತ್ತುತ್ತಾರೆ. ನೀವು ಹೇಳಿದ ಬಿಟ್ಟುಹೋಗುವ ಸಮಸ್ಯೆಗೂ ಇದೇ ಮದ್ದು. ಪ್ರಶ್ನೆ ಎಷ್ಟಿವೆ ಎನ್ನುವುದಕ್ಕಿಂತ, ಗೊತ್ತಿರುವುದನ್ನೇ ಮತ್ತೆ ಕೇಳುವುದು ಜನರನ್ನು ಓಡಿಸುತ್ತದೆ.

ಅದೇ ಉತ್ತರದಲ್ಲಿ ಮಿಸ್ಸಿಂಗ್ ಕಾಂಪೊನೆಂಟ್ ಟೈಪ್ಸ್ ಮತ್ತು ಅನ್‌ರಿಸಾಲ್ವ್ಡ್ ಟೋಕನ್ಸ್ ಎಂಬ ಎರಡು ಪಟ್ಟಿ ಇರುತ್ತವೆ. ಹೆಚ್ಚಿನವರು ಇವನ್ನು ತೆರೆದೂ ನೋಡುವುದಿಲ್ಲ. ಮೊದಲನೆಯದು ಮುಂದೆ ಏನು ಕೇಳಬೇಕು ಎಂಬುದನ್ನು ಹೇಳುತ್ತದೆ. ಎರಡನೆಯದರಲ್ಲಿ "ನೀಲಿ ಗೇಟು", "ಔಷಧಿ ಅಂಗಡಿ ಪಕ್ಕ" ಮುಂತಾದ ಸೇವೆಗೆ ಅರ್ಥವಾಗದ ತುಂಡುಗಳು ಬರುತ್ತವೆ. ಅವು ಕಸವಲ್ಲ. ತಲುಪಿಸುವವರಿಗೆ ಅದೇ ದಾರಿ. ಹೆಗ್ಗುರುತು ಎಂಬ ಬೇರೆ ಕಾಲಮ್ಮಿಗೆ ಹಾಕಿ. ತಿದ್ದಿದ ವಿಳಾಸವನ್ನು ಮತ್ತೆ ಪರೀಕ್ಷೆಗೆ ಕಳಿಸುವಾಗ ಮೊದಲ ಉತ್ತರದ ರೆಸ್ಪಾನ್ಸ್ ಐಡಿಯನ್ನು ಪ್ರೀವಿಯಸ್ ರೆಸ್ಪಾನ್ಸ್ ಐಡಿಯಾಗಿ ಕಳಿಸಬೇಕು. ಹಿಂದಿನದಲ್ಲ, ಮೊಟ್ಟಮೊದಲನೆಯದು.

ಫ್ಲ್ಯಾಟ್ ನಂಬರ್ ಕಳೆದುಹೋಗುವುದೂ ಇದಕ್ಕೆ ಸಂಬಂಧಿಸಿದ್ದೇ. ಬಹುತೇಕ ಹುಡುಕು ಸೇವೆಗಳ ದತ್ತಾಂಶ ಕಟ್ಟಡದ ಬಾಗಿಲಿಗೆ ನಿಲ್ಲುತ್ತದೆ, ಒಳಗಿನ ಮನೆಗಳ ಪಟ್ಟಿ ಅವುಗಳಲ್ಲಿ ಇಲ್ಲ. ಆದ್ದರಿಂದ ಸೇವೆಯ ವಿಳಾಸದಿಂದ ಬಳಕೆದಾರರ ಪಠ್ಯವನ್ನು ಅಳಿಸಿ ಬರೆದರೆ ಫ್ಲ್ಯಾಟ್ ಹೋಗಲೇಬೇಕು. ದಾಖಲೆಯನ್ನು ಹೀಗೆ ಬೇರೆ ಬೇರೆ ಇಡಿ: ಬಳಕೆದಾರರ ಮೂಲ ಪಠ್ಯ, ಸೇವೆಯ ಘಟಕಗಳು, ಸೇವೆಯ ಹೆಸರಿನೊಂದಿಗೆ ಐಡಿ ಮತ್ತು ತಂದ ದಿನಾಂಕ, ಫ್ಲ್ಯಾಟ್ ಮತ್ತು ಮಹಡಿ, ಹೆಗ್ಗುರುತು, ನಿರ್ದೇಶಾಂಕ ಮತ್ತು ಅದು ಬಂದ ಮೂಲ. ಮೂಲ ಪಠ್ಯವನ್ನು ಅಳಿಸದೆ ಇಟ್ಟುಕೊಂಡಿದ್ದರೆ ದೂರು ಬಂದಾಗ ತಪ್ಪು ಯಾವ ಹಂತದಲ್ಲಿ ಆಯಿತು ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಗೂಗಲ್‌ನ ಪ್ಲೇಸ್ ಐಡಿಯನ್ನು ಎಷ್ಟು ಕಾಲವಾದರೂ ಇಟ್ಟುಕೊಳ್ಳಬಹುದು, 12 ತಿಂಗಳು ದಾಟಿದ್ದನ್ನು ಮತ್ತೆ ತಾಜಾ ಮಾಡಿಕೊಳ್ಳಿ ಎಂದು ಅವರೇ ಹೇಳುತ್ತಾರೆ. ಉಳಿದ ವಿವರಗಳನ್ನು ಶೇಖರಿಸಿಡಲು ಷರತ್ತುಗಳಿವೆ, ಒಪ್ಪಂದ ಓದಿಯೇ ಟೇಬಲ್ ಕಟ್ಟಿ.

ಇನ್ನು ಪಿನ್. ರಿವರ್ಸ್ ಜಿಯೋಕೋಡಿಂಗ್ ಕೊಡುವುದು ಆ ಬಿಂದುವಿಗೆ ಹತ್ತಿರವಿರುವ, ತನಗೆ ಗೊತ್ತಿರುವ ವಿಳಾಸ. ಅದು ಪಕ್ಕದ ಮನೆಯದೂ ಆಗಿರಬಹುದು, ರಸ್ತೆಯ ಆಚೆ ಬದಿಯದೂ ಆಗಿರಬಹುದು. ಕಟ್ಟಡಗಳ ನಡುವೆ ಫೋನಿನ ಜಿಪಿಎಸ್ ಹತ್ತಾರು ಮೀಟರ್ ಅತ್ತಿತ್ತ ಸರಿಯುತ್ತದೆ. ಅದರಿಂದ ರಸ್ತೆ, ಊರು, ಪೋಸ್ಟಲ್ ಕೋಡ್ ಮಟ್ಟದ ಘಟಕಗಳನ್ನಷ್ಟೇ ತೆಗೆದುಕೊಂಡು ಮನೆ ನಂಬರನ್ನು ಖಡಾಖಂಡಿತವಾಗಿ ಬಿಟ್ಟುಬಿಡಿ, ಬಳಕೆದಾರರನ್ನೇ ಕೇಳಿ. ಮತ್ತೊಂದು, ಈಗ ಇರುವ ಜಾಗವೇ ತಲುಪಿಸಬೇಕಾದ ಜಾಗ ಎಂದುಕೊಳ್ಳಬೇಡಿ. ಜನ ಕಚೇರಿಯಿಂದ ಮನೆಗೆ ಆರ್ಡರ್ ಮಾಡುತ್ತಾರೆ. ಬರೆದ ವಿಳಾಸ ಮತ್ತು ಪಿನ್ ಎರಡೂ ಇದ್ದು, ನಡುವಿನ ದೂರ 500 ಮೀಟರ್ ದಾಟಿದರೆ ಯಾವುದಕ್ಕೆ ಎಂದು ಒಂದು ಪ್ರಶ್ನೆ ಕೇಳಿ.

ನಿರ್ದೇಶಾಂಕಗಳ ಕ್ರಮದಲ್ಲಿ ಎಚ್ಚರ. ಗೂಗಲ್‌ನಲ್ಲಿ ಅಕ್ಷಾಂಶ ಮೊದಲು, ನಕ್ಷೆಯ ದತ್ತಾಂಶ ಬರೆಯುವ ರೂಪವಾದ ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ವಿಳಾಸ ಹುಡುಕುವ ಸೇವೆಯಾದ ನಾಮಿನಾಟಿಮ್ ಎರಡನ್ನೂ ಸಂಖ್ಯೆಯಾಗಿ ಕೊಡದೆ ಸ್ಟ್ರಿಂಗ್ ಆಗಿ ಕೊಡುತ್ತದೆ. ಎರಡೂ ಸೊನ್ನೆಯಾಗಿ ಬಂದರೆ ಅದು ಗಿನಿ ಕೊಲ್ಲಿಯ ನೀರಿನ ಮಧ್ಯೆ ಇರುವ ಬಿಂದು, ಅಂದರೆ ಕೋಡಿನಲ್ಲಿ ಎಲ್ಲೋ ಖಾಲಿ ಮೌಲ್ಯ ಸೊನ್ನೆಯಾಗಿದೆ.

---

ಉತ್ತರ 4 | ಸಾಲುದೀಪ

ಓಪನ್‌ಸ್ಟ್ರೀಟ್‌ಮ್ಯಾಪ್ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ, ಅದನ್ನು ಹೇಳುತ್ತೇನೆ.

ನಾಮಿನಾಟಿಮ್‌ನ ಸಾರ್ವಜನಿಕ ಸರ್ವರನ್ನು ಬಾಟ್‌ಗೆ ಕಟ್ಟಬೇಡಿ. ಅಲ್ಲಿಯ ನಿಯಮ ಸ್ಪಷ್ಟವಾಗಿದೆ: ನಿಮ್ಮ ಎಲ್ಲ ಬಳಕೆದಾರರೂ ಸೇರಿ ಸೆಕೆಂಡಿಗೆ ಗರಿಷ್ಠ 1 ಕರೆ, ಅಪ್ಲಿಕೇಶನನ್ನು ಗುರುತಿಸುವ ಯೂಸರ್ ಏಜೆಂಟ್, ಆಟೋಕಂಪ್ಲೀಟ್‌ಗೆ ಬಳಸುವಂತಿಲ್ಲ. ಪ್ರಯೋಗಕ್ಕೆ ಅದು ಸರಿ, ನಿಜ ಕೆಲಸಕ್ಕೆ ನಿಮ್ಮದೇ ಸರ್ವರ್ ನಿಲ್ಲಿಸಿ ಅಥವಾ ಹಣ ಕೊಟ್ಟು ಯಾರದಾದರೂ ಸೇವೆ ಪಡೆಯಿರಿ. ಟೈಪ್ ಮಾಡಿದಂತೆ ಸಲಹೆ ಬೇಕಿದ್ದರೆ ಫೋಟಾನ್ ಅಥವಾ ಪೆಲಿಯಾಸ್ ನೋಡಿ, ಎರಡೂ ಮುಕ್ತ ತಂತ್ರಾಂಶ. ಎಲ್ಲಿ ತೋರಿಸಿದರೂ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಹೆಸರು ಹೇಳುವುದು ಪರವಾನಗಿಯ ಷರತ್ತು. ಗೂಗಲ್ ದತ್ತಾಂಶಕ್ಕೂ ಅವರದೇ ಗುರುತು ತೋರಿಸುವ ನಿಯಮವಿದೆ. ಪಟ್ಟಿಯ ಮೆಸೇಜಿನ ಅಡಿಯಲ್ಲಿ ಒಂದು ಸಾಲು ಮೀಸಲಿಡಿ.

ನಾಮಿನಾಟಿಮ್‌ಗೆ ಘಟಕಗಳಾಗಿ ಬೇರ್ಪಡಿಸಿದ ಪ್ರಶ್ನೆಯನ್ನೂ ಕೊಡಬಹುದು, ಒಂದೇ ಪಠ್ಯವನ್ನೂ ಕೊಡಬಹುದು, ಎರಡನ್ನೂ ಸೇರಿಸಿ ಕೊಡುವಂತಿಲ್ಲ. ಮೊದಲು ಬೇರ್ಪಡಿಸಿದ ರೂಪದಲ್ಲಿ ಕೇಳಿ, ಖಾಲಿ ಬಂದರೆ ಪೂರ್ತಿ ಪಠ್ಯ, ಅದೂ ಖಾಲಿಯಾದರೆ ಪಠ್ಯದ ಎಡತುದಿಯ ತುಂಡೊಂದನ್ನು ತೆಗೆದು ಮತ್ತೆ ಕೇಳಿ. ಫ್ಲ್ಯಾಟ್, ಮಹಡಿ ಇತ್ಯಾದಿ ಸಾಮಾನ್ಯವಾಗಿ ಅಲ್ಲೇ ಇರುತ್ತವೆ, ಆದರೆ ದೊಡ್ಡದರಿಂದ ಚಿಕ್ಕದಕ್ಕೆ ಬರೆಯುವ ಜಪಾನಿನಂಥ ದೇಶಗಳಲ್ಲಿ ಇದು ತಿರುಗುಮುರುಗು. ತೆಗೆದ ತುಂಡನ್ನು ಬಿಸಾಡದೆ ಇಟ್ಟುಕೊಳ್ಳಿ. ಪಠ್ಯವನ್ನು ಒಡೆಯಲು ಲಿಬ್‌ಪೋಸ್ಟಲ್ ಇದೆ. ಅದರ ಮಾಡೆಲ್ ಫೈಲುಗಳೇ ಸುಮಾರು 2 ಗಿಗಾಬೈಟ್ ಮೆಮೊರಿ ತಿನ್ನುತ್ತವೆ, ಹಾಗಾಗಿ ಬಾಟ್‌ನ ಪ್ರತಿ ಪ್ರಕ್ರಿಯೆಯೊಳಗೂ ಸೇರಿಸದೆ ಒಂದು ಪ್ರತ್ಯೇಕ ಸೇವೆಯಾಗಿ ಓಡಿಸಿ. ಮತ್ತು ಅದು ಒಡೆಯುತ್ತದೆ ಅಷ್ಟೇ. ವಿಳಾಸ ನಿಜವಾಗಿ ಇದೆಯೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಿಲ್ಲ.

ಲಿಪಿಯ ವಿಷಯ. ಕನ್ನಡದಲ್ಲಿ ಬಂದ ಪಠ್ಯವನ್ನು ಹುಡುಕಾಟಕ್ಕೆ ಕಳಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಕೂಡಿಸಿದ ಯುನಿಕೋಡ್ ರೂಪ) ತನ್ನಿ. "ಕೋ" ಎಂಬ ಅಕ್ಷರದ ಓಕಾರವನ್ನು ಒಂದೇ ಕೋಡ್‌ಪಾಯಿಂಟಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಕೆಗೆ ಬೇರೆ. ಅರ್ಕಾವತ್ತು ತಡೆಯಲು ಹಾಕಿದ ಕಾಣದ ಜೋಡಕ ಚಿಹ್ನೆಗಳನ್ನು ಹುಡುಕಾಟದ ಪ್ರತಿಯಿಂದ ತೆಗೆಯಿರಿ, ಮೂಲ ಪ್ರತಿಯಲ್ಲಿ ಉಳಿಸಿ. ಕನ್ನಡ ಅಂಕಿ ೧೨ ಅನ್ನು 12 ಮಾಡಿ. ಖಾಲಿ ಬಂದರೆ ಲ್ಯಾಟಿನ್ ಲಿಪ್ಯಂತರದಲ್ಲಿ ಇನ್ನೊಂದು ಸಲ ಕೇಳಿ. ಲಿಪ್ಯಂತರ ಮಾತ್ರ, ಅನುವಾದ ಅಲ್ಲ.

"12/3" ಎಂಬ ಮನೆ ನಂಬರನ್ನು ಎನ್‌ಎಲ್‌ಯು (ಮಾತಿನ ಅರ್ಥ ಹಿಡಿಯುವ) ಪದರ ದಿನಾಂಕ ಎಂದು ತಿಳಿದು ಡೆಲಿವರಿ ದಿನಕ್ಕೆ ತುಂಬಿಬಿಡುತ್ತದೆ. ವೈಯಕ್ತಿಕ ಮಾಹಿತಿ ಮರೆಮಾಡುವ ಫಿಲ್ಟರ್ ಇದ್ದರೆ ಉದ್ದದ ಪ್ಲಾಟ್ ನಂಬರನ್ನು ಫೋನ್ ನಂಬರ್ ಎಂದು ಅಳಿಸುತ್ತದೆ. ವಿಳಾಸದ ಸರದಿಯಲ್ಲಿ ದಿನಾಂಕ ಹೆಕ್ಕುವುದನ್ನು ನಿಲ್ಲಿಸಿ. ಫಿಲ್ಟರ್ ಇರಬೇಕಾದದ್ದು ಲಾಗ್ ಬರೆಯುವ ಜಾಗದಲ್ಲಿ, ಹುಡುಕಾಟದ ದಾರಿಯಲ್ಲಲ್ಲ. ಲಾಗ್‌ಗೆ ಪೂರ್ತಿ ವಿಳಾಸ ಬೇಡ. ನಿರ್ದೇಶಾಂಕವನ್ನು ದಶಮಾಂಶದ ನಂತರ ಎರಡೇ ಸ್ಥಾನಕ್ಕೆ ಇಳಿಸಿದರೆ ಸುಮಾರು ಒಂದು ಕಿಲೋಮೀಟರಿನ ಮಸುಕು ಬರುತ್ತದೆ, ದೋಷ ಹುಡುಕಲು ಅಷ್ಟು ಸಾಕಾಗುತ್ತದೆ.

ಪೋಸ್ಟಲ್ ಕೋಡನ್ನು ಸಂಖ್ಯೆಯಾಗಿ ಇಡಬೇಡಿ, ಮುಂದಿನ ಸೊನ್ನೆ ಹೋಗುತ್ತದೆ, ಕೆಲವು ದೇಶಗಳದ್ದರಲ್ಲಿ ಅಕ್ಷರಗಳೂ ಇವೆ. ಎಲ್ಲರಿಗೂ ಕಡ್ಡಾಯವನ್ನೂ ಮಾಡಬೇಡಿ. ಹಾಂಗ್‌ಕಾಂಗ್‌ನಲ್ಲಿ ಪೋಸ್ಟಲ್ ಕೋಡೇ ಇಲ್ಲ, ಐರ್ಲೆಂಡಿಗೆ ದೇಶವ್ಯಾಪಿ ಕೋಡ್ ಬಂದದ್ದೇ 2015ರಲ್ಲಿ. ಯಾವ ದೇಶಕ್ಕೆ ಯಾವ ಘಟಕ ಕಡ್ಡಾಯ ಎಂಬ ಪಟ್ಟಿ ಗೂಗಲ್‌ನ ಮುಕ್ತ ತಂತ್ರಾಂಶ ಲಿಬ್‌ಅಡ್ರೆಸ್‌ಇನ್‌ಪುಟ್‌ನಲ್ಲಿದೆ, ಅದನ್ನೇ ಬಳಸಿ.

---

ಉತ್ತರ 5 | ದಾರಿಗುರುತು

ದೋಷ ನಿರ್ವಹಣೆ ಬಿಟ್ಟುಹೋಗಿತ್ತು, ಸೇರಿಸುತ್ತೇನೆ. ಗೂಗಲ್‌ನ ಹಳೆಯ ಶೈಲಿಯ ಜಿಯೋಕೋಡಿಂಗ್ ಸೇವೆ ಕೋಟಾ ಮುಗಿದರೂ, ಕೀಲಿ ತಿರಸ್ಕೃತವಾದರೂ ಎಚ್‌ಟಿಟಿಪಿ 200 ಕೊಡುತ್ತದೆ. ನಿಜವಾದ ಸ್ಥಿತಿ ಉತ್ತರದೊಳಗಿನ ಸ್ಟೇಟಸ್‌ನಲ್ಲಿರುತ್ತದೆ. ಎಚ್‌ಟಿಟಿಪಿ ಕೋಡ್ ಮಾತ್ರ ನೋಡುವ ಕೋಡ್, ಕೋಟಾ ಮುಗಿದ ದಿನ ಎಲ್ಲರಿಗೂ "ನಿಮ್ಮ ವಿಳಾಸ ಸಿಗಲಿಲ್ಲ" ಎನ್ನುತ್ತದೆ. ಬಳಕೆದಾರರು ಸರಿಯಾದ ವಿಳಾಸವನ್ನೇ ಮತ್ತೆ ಮತ್ತೆ ತಿದ್ದುತ್ತಾ ಕೂರುತ್ತಾರೆ. "ಸಿಗಲಿಲ್ಲ" ಮತ್ತು "ಈಗ ಹುಡುಕಲಾಗುತ್ತಿಲ್ಲ" ಎರಡೂ ಬೇರೆ ಉತ್ತರ. ಎರಡನೆಯದಾದರೆ ಬರೆದ ಪಠ್ಯವನ್ನು ಹಾಗೇ ಪಡೆದು, ಪರಿಶೀಲಿಸದ್ದು ಎಂದು ಗುರುತುಹಾಕಿ ಆರ್ಡರ್ ಮುಂದುವರಿಸಿ, ಆಮೇಲೆ ಹಿನ್ನೆಲೆಯಲ್ಲಿ ಪರೀಕ್ಷಿಸಿ. 429 (ಕರೆಗಳ ಮಿತಿ ಮೀರಿದೆ) ಮತ್ತು 500ರ ಸಾಲಿನವಕ್ಕೆ (ಸರ್ವರ್ ದೋಷ) ಅಂತರ ಹೆಚ್ಚಿಸುತ್ತಾ ಮರುಪ್ರಯತ್ನ ಮಾಡಿ. 400 (ಕರೆಯೇ ತಪ್ಪು), 403ಕ್ಕೆ (ಅನುಮತಿ ಇಲ್ಲ) ಮರುಪ್ರಯತ್ನ ಬೇಡ, ನಿಮಗೆ ಎಚ್ಚರಿಕೆ ಬರಲಿ.

ಎಪಿಐ ಕೀಲಿ ಎರಡಿರಲಿ. ವಿಜೆಟ್‌ನದು ವೆಬ್‌ಸೈಟಿನ ರೆಫರರ್‌ಗೆ (ಕರೆ ಹೊರಟ ಪುಟದ ವಿಳಾಸಕ್ಕೆ) ಕಟ್ಟಿದ್ದು, ಸರ್ವರ್‌ನದು ಐಪಿಗೆ ಕಟ್ಟಿದ್ದು. ಆದರೆ ಎರಡೂ ಒಂದೇ ಕ್ಲೌಡ್ ಪ್ರಾಜೆಕ್ಟಿನಲ್ಲಿ ಇರಲಿ, ಸೆಷನ್ ಮುರಿಯದಂತೆ.

"ಯಾವುದೂ ಅಲ್ಲ" ಎಂದು ಎರಡು ಸಲ ಒತ್ತಿದವರನ್ನು ಮೂರನೇ ಪಟ್ಟಿಗೆ ಎಳೆಯಬೇಡಿ. ಬರೆದದ್ದನ್ನೇ ಒಪ್ಪಿಕೊಂಡು ಲೊಕೇಶನ್ ಪಿನ್ ಕೇಳಿ. ಹೊಸ ಕಟ್ಟಡಗಳು ನಕ್ಷೆಗೆ ಬರಲು ಸಮಯ ಹಿಡಿಯುತ್ತದೆ, ಅಂಥಲ್ಲಿ ಬಳಕೆದಾರರೇ ಸರಿ.

---

ಕೀಲಿಮಣೆ

ಹೀಗೆ ಮಾಡುತ್ತಿದ್ದೇನೆ: ಮಾಡೆಲ್‌ಗೆ ಎರಡೇ ಟೂಲ್. ಒಂದು ಮೆಸೇಜ್ ಐಡಿ ತೆಗೆದುಕೊಂಡು ಹುಡುಕುವುದು, ಇನ್ನೊಂದು "ಎರಡನೆಯದು" ಎಂದು ಬರೆದು ಹೇಳುವವರಿಗಾಗಿ ಪಟ್ಟಿಯ ಗುರುತು ಮತ್ತು ಸಾಲಿನ ಸಂಖ್ಯೆ ಕೊಟ್ಟು ಆರಿಸುವುದು. ದೃಢೀಕರಣ ಮಾಡೆಲ್ ಕೈಯಲ್ಲಿಲ್ಲ, ಬಟನ್ ಒತ್ತಿದಾಗ ಮಾತ್ರ ಸರ್ವರ್ ದಾಖಲಿಸುತ್ತದೆ. ಮೂಲ ಪಠ್ಯ, ಫ್ಲ್ಯಾಟ್, ಹೆಗ್ಗುರುತಿಗೆ ಪ್ರತ್ಯೇಕ ಕಾಲಮ್ ಹಾಕಿದ್ದಾಯಿತು. ಪಟ್ಟಿಯಲ್ಲಿ ಭಿನ್ನವಾಗಿರುವ ಘಟಕವನ್ನು ಮುಂದೆ ತರುವ ಕೋಡ್ ಬರೆಯುತ್ತಿದ್ದೇನೆ. ಎರಡು ಫಲಿತಾಂಶಗಳು ಮನೆ ನಂಬರಿನಲ್ಲೂ ಊರಿನಲ್ಲೂ ಭಿನ್ನವಾಗಿದ್ದರೆ ಯಾವುದು ಮೊದಲು?

---

ತಂತಿಜಾಲ

ಊರು ಮೊದಲು. ಮನೆ ನಂಬರ್ ಹೇಗೂ ಶೀರ್ಷಿಕೆಯಲ್ಲಿ ಇದೆ. ಊರೂ ಒಂದೇ ಆಗಿದ್ದರೆ ಬಡಾವಣೆ, ಅದೂ ಒಂದೇ ಆದರೆ ಪೋಸ್ಟಲ್ ಕೋಡ್. ಮೂರೂ ಒಂದೇ ಆಗಿ ಐಡಿ ಮಾತ್ರ ಬೇರೆ ಇದ್ದರೆ ಎರಡರ ನಡುವಿನ ದೂರ ಅಳೆಯಿರಿ. 30 ಮೀಟರ್ ಒಳಗಿದ್ದರೆ ಒಂದನ್ನೇ ತೋರಿಸಿ, ದೂರ ಇದ್ದರೆ ಪಟ್ಟಿ ಬಿಟ್ಟು ಪಿನ್ ಕೇಳಿ.